ರಾಜಧಾನಿ ಬರುತ್ತದಂತೆ, ಸೈಟು ತಗೊಳ್ಳೋಣವೇ?

ಮುಖ್ಯಮಂತ್ರಿಯೊಬ್ಬರು ನಕ್ಷೆಯ ಮೇಲೆ ಬೆರಳಿಟ್ಟರೆ ಅಲ್ಲಿನ ಎಕರೆಗೆ ಕೋಟಿಯ ಬೆಲೆ. ಮುಂದಿನವರು ಬಂದು ಬೆರಳು ಸರಿಸಿದರೆ ಕೇಳುವವರೇ ಇಲ್ಲ. ಹತ್ತೇ ವರ್ಷದಲ್ಲಿ ಎದ್ದು, ಬಿದ್ದು, ಮತ್ತೆ ಎದ್ದ ಅಮರಾವತಿಯ ಕಥೆ ಬೆಂಗಳೂರಿನ ಸುತ್ತ ಸೈಟು ಹುಡುಕುತ್ತಿರುವವರಿಗೂ ಬೇಕಾದದ್ದೇ.

2015ರ ಅಕ್ಟೋಬರ್ 22. ವಿಜಯದಶಮಿ. ಕೃಷ್ಣಾ ನದಿಯ ದಡದಲ್ಲಿರುವ ಉದ್ದಂಡರಾಯುನಿಪಾಲೆಂ ಎಂಬ ಪುಟ್ಟ ಹಳ್ಳಿಯಲ್ಲಿ ಜನಸಾಗರ. ಆಂಧ್ರದ ಸಾವಿರಾರು ಹಳ್ಳಿಗಳಿಂದ ಹಿಡಿಮಣ್ಣು, ತಂಬಿಗೆ ನೀರು ಅಲ್ಲಿಗೆ ಬಂದು ಸೇರಿತ್ತು. ಪ್ರಧಾನಿ ನರೇಂದ್ರ ಮೋದಿ ದೆಹಲಿಯಿಂದ ಸಂಸತ್ತಿನ ಆವರಣದ ಮಣ್ಣನ್ನೂ ಯಮುನೆಯ ನೀರನ್ನೂ ತಂದಿದ್ದರು. ಹೊಸ ರಾಜಧಾನಿ ಅಮರಾವತಿಗೆ ಶಂಕುಸ್ಥಾಪನೆ.

ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಸಂಭ್ರಮದಲ್ಲಿದ್ದರು. ರಾಜ್ಯ ಒಡೆದು ಬೇರೆಯಾದ ಕಹಿಯನ್ನು ಮರೆತು ತೆಲಂಗಾಣದ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಕೂಡ ವೇದಿಕೆಯಲ್ಲಿದ್ದರು. ವಿರೋಧ ಪಕ್ಷದ ನಾಯಕ ವೈ.ಎಸ್. ಜಗನ್‌ಮೋಹನ ರೆಡ್ಡಿ ಮಾತ್ರ ಬಂದಿರಲಿಲ್ಲ.

ಆ ಗೈರುಹಾಜರಿಯನ್ನು ಅಮರಾವತಿಯಲ್ಲಿ ಸೈಟು ಕೊಳ್ಳಲು ಓಡಾಡುತ್ತಿದ್ದವರು ಬೆಲೆಯ ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿಯಬೇಕಿತ್ತು ಎಂಬುದು ನಾಲ್ಕು ವರ್ಷದ ಬಳಿಕ ತಿಳಿಯಿತು.

ಮಿರ್ಚಿ ಹೊಲದಿಂದ ಚದರ ಗಜಕ್ಕೆ

2014ರ ಜೂನ್ 2ರಂದು ಆಂಧ್ರಪ್ರದೇಶ ಎರಡಾಯಿತು. ಹೈದರಾಬಾದ್ ತೆಲಂಗಾಣದ ಪಾಲಾಯಿತು. ಹತ್ತು ವರ್ಷ ಮೀರದಂತೆ ಎರಡೂ ರಾಜ್ಯಗಳಿಗೆ ಜಂಟಿ ರಾಜಧಾನಿ ಎಂದು ಕಾನೂನು ಹೇಳಿತು. ಹಾಗಾದರೆ ಆಂಧ್ರದ ಹೊಸ ರಾಜಧಾನಿ ಎಲ್ಲಿ? ಆ ಒಂದು ಪ್ರಶ್ನೆ ಸಾಕಿತ್ತು. ಇಂದು ನೂಜಿವೀಡು ಎಂದರು, ನಾಳೆ ಗುಂಟೂರು ಎಂದರು. ಸುದ್ದಿ ಹೋದ ದಿಕ್ಕಿಗೆಲ್ಲ ದಲ್ಲಾಳಿಗಳ ಕಾರು ಹೋಯಿತು.

ಕೇಂದ್ರ ನೇಮಿಸಿದ್ದ ಕೆ.ಸಿ. ಶಿವರಾಮಕೃಷ್ಣನ್ ಸಮಿತಿ ಆಗಸ್ಟ್‌ನಲ್ಲಿ ವರದಿ ಕೊಟ್ಟು, ವಿಜಯವಾಡ–ಗುಂಟೂರು ನಡುವಿನ ಫಲವತ್ತಾದ ಭೂಮಿಯಲ್ಲಿ ಎಲ್ಲವನ್ನೂ ಗುಡ್ಡೆ ಹಾಕಬೇಡಿ, ಆಡಳಿತವನ್ನು ಹಂಚಿ ಎಂದು ಎಚ್ಚರಿಸಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ನಾಯ್ಡು ವಿಧಾನಸಭೆಯಲ್ಲಿ ಘೋಷಿಸಿದರು: ರಾಜಧಾನಿ ವಿಜಯವಾಡದ ಸುತ್ತಲೇ.

ಹಣವಿಲ್ಲದ ಸರ್ಕಾರ ಜಾಣ ದಾರಿ ಹಿಡಿಯಿತು. ಜಮೀನು ಕೊಳ್ಳುವ ಬದಲು ಕೂಡಿಸಿತು. ಒಂದು ಎಕರೆ ಒಣಭೂಮಿ ಕೊಟ್ಟ ರೈತನಿಗೆ, ಮುಂದೆ ಕಟ್ಟಲಿರುವ ನಗರದಲ್ಲಿ 1,000 ಚದರ ಗಜದ ವಾಸದ ನಿವೇಶನ, ಜೊತೆಗೆ 250 ಚದರ ಗಜದ ವಾಣಿಜ್ಯ ನಿವೇಶನ. ನದಿಯಂಚಿನ ‘ಜರೀಬು’ ನೀರಾವರಿ ಜಮೀನಾದರೆ ವಾಣಿಜ್ಯ ನಿವೇಶನ 450 ಚದರ ಗಜ. ಹತ್ತು ವರ್ಷ ಎಕರೆಗೆ 30 ಸಾವಿರ ಅಥವಾ 50 ಸಾವಿರ ರೂಪಾಯಿಯಿಂದ ಶುರುವಾಗಿ ಏರುತ್ತ ಹೋಗುವ ವರ್ಷಾಶನ. 28 ಸಾವಿರಕ್ಕೂ ಹೆಚ್ಚು ರೈತರು ಸುಮಾರು 34 ಸಾವಿರ ಎಕರೆ ಬಿಟ್ಟುಕೊಟ್ಟರು. ಅವರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು.

ಮೆಣಸಿನಕಾಯಿ, ಹತ್ತಿ, ಬಾಳೆ ಬೆಳೆಯುತ್ತಿದ್ದ ತುಳ್ಳೂರು, ಮಂದಡಂ, ವೆಲಗಪೂಡಿಯಲ್ಲಿ ಮಾತಿನ ಧಾಟಿಯೇ ಬದಲಾಯಿತು. ಎಕರೆಗೆ ಎಷ್ಟು ಚೀಲ ಎನ್ನುತ್ತಿದ್ದವರು ಗಜಕ್ಕೆ ಎಷ್ಟು ಸಾವಿರ ಎನ್ನತೊಡಗಿದರು. ಲಕ್ಷಗಳಲ್ಲಿದ್ದ ಎಕರೆಯ ದರ ಕೋಟಿಯ ಮಾತಿಗೆ ಬಂತು. ಹೈದರಾಬಾದಿನಿಂದ, ಬೆಂಗಳೂರಿನಿಂದ, ಅಮೆರಿಕದ ತೆಲುಗು ಕುಟುಂಬಗಳಿಂದ ದುಡ್ಡು ಹರಿಯಿತು.

ಅಲ್ಲಿ ಆಗ ಇದ್ದದ್ದೇನು? ತಾತ್ಕಾಲಿಕ ಸಚಿವಾಲಯ, ಕೆಲವು ರಸ್ತೆಗಳು, ಸಿಂಗಪುರದ ಸಂಸ್ಥೆಗಳು ಬರೆದುಕೊಟ್ಟ ಮಹಾಯೋಜನೆ, ಬ್ರಿಟನ್ನಿನ ನಾರ್ಮನ್ ಫಾಸ್ಟರ್ ಸಂಸ್ಥೆಯ ವಿನ್ಯಾಸಗಳು. ಬಿತ್ತನೆಗೆ ಮೊದಲೇ ಸುಗ್ಗಿಯ ಲೆಕ್ಕದಲ್ಲಿ ಸಾಲ ಎತ್ತಿದ ಹಾಗೆ, ಮುಂದಿನ ಮೂವತ್ತು ವರ್ಷದ ನಗರವನ್ನು ಜನ ಅಂದಿನ ದರಕ್ಕೆ ಸೇರಿಸಿಬಿಟ್ಟಿದ್ದರು.

2018ರ ನವೆಂಬರ್‌ನಲ್ಲಿ ರಾಜಧಾನಿ ಪ್ರಾಧಿಕಾರವೇ ‘ಹ್ಯಾಪಿ ನೆಸ್ಟ್’ ಎಂಬ ವಸತಿ ಸಮುಚ್ಚಯದ ಬುಕಿಂಗ್ ತೆರೆದಾಗ ವೆಬ್‌ಸೈಟೇ ತತ್ತರಿಸಿತು. ಮೊದಲ ಕಂತಿನ 300 ಮನೆಗಳು ಅದೇ ದಿನ ಖಾಲಿ. ಯೋಜನೆಯ ಒಟ್ಟು ಲೆಕ್ಕ 12 ಗೋಪುರ, 1,200 ಮನೆ. ಚುನಾವಣೆಗೆ ಐದು ತಿಂಗಳು ಉಳಿದಿತ್ತು.

ಚೌಕಟ್ಟು: ಅಮರಾವತಿಯ ಏಳುಬೀಳು

• 2014 ಡಿಸೆಂಬರ್: ರಾಜಧಾನಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಕಾನೂನು.
• 2015 ಅಕ್ಟೋಬರ್: ಶಂಕುಸ್ಥಾಪನೆ. ನಗರದ ವಿಸ್ತೀರ್ಣ 217 ಚದರ ಕಿ.ಮೀ.
• 2019 ಮೇ: ಜಗನ್ ಮುಖ್ಯಮಂತ್ರಿ. ಜುಲೈನಲ್ಲಿ 30 ಕೋಟಿ ಡಾಲರ್ ಸಾಲದ ಪ್ರಸ್ತಾವದಿಂದ ವಿಶ್ವಬ್ಯಾಂಕ್ ಹಿಂದೆ ಸರಿಯಿತು.
• 2019 ಡಿಸೆಂಬರ್ 17: ಮೂರು ರಾಜಧಾನಿಗಳ ಸುಳಿವು.
• 2021 ನವೆಂಬರ್: ಮೂರು ರಾಜಧಾನಿಗಳ ಕಾನೂನು ವಾಪಸ್.
• 2022 ಮಾರ್ಚ್ 3: ರಾಜಧಾನಿ ಬದಲಿಸುವ ಅಧಿಕಾರ ವಿಧಾನಮಂಡಲಕ್ಕಿಲ್ಲ ಎಂದ ಹೈಕೋರ್ಟ್.
• 2024 ಜೂನ್: ನಾಯ್ಡು ಮರಳಿ ಅಧಿಕಾರಕ್ಕೆ. ಜುಲೈನ ಕೇಂದ್ರ ಬಜೆಟ್‌ನಲ್ಲಿ 15 ಸಾವಿರ ಕೋಟಿ ರೂಪಾಯಿ ಕೊಡಿಸುವ ಮಾತು.
• 2025 ಮೇ 2: ಪ್ರಧಾನಿಯಿಂದ ಕಾಮಗಾರಿಗಳ ಮರುಚಾಲನೆ.

ಒಂದು ಭಾಷಣ, ಮೂರು ರಾಜಧಾನಿ

2019ರ ಡಿಸೆಂಬರ್ 17. ವೆಲಗಪೂಡಿಯ ವಿಧಾನಸಭೆಯಲ್ಲಿ ಚಳಿಗಾಲದ ಅಧಿವೇಶನದ ಕೊನೆಯ ದಿನ. ಅಷ್ಟರಲ್ಲಿ ಮುಖ್ಯಮಂತ್ರಿಯಾಗಿದ್ದ ಜಗನ್ ಎದ್ದು ನಿಂತು ದಕ್ಷಿಣ ಆಫ್ರಿಕಾದ ಉದಾಹರಣೆ ಕೊಟ್ಟರು. ಅಲ್ಲಿ ಮೂರು ರಾಜಧಾನಿಗಳಿವೆ, ನಮ್ಮಲ್ಲೂ ಇರಬಹುದು: ವಿಶಾಖಪಟ್ಟಣದಲ್ಲಿ ಆಡಳಿತ, ಕರ್ನೂಲಿನಲ್ಲಿ ನ್ಯಾಯಾಂಗ, ಅಮರಾವತಿಯಲ್ಲಿ ಶಾಸಕಾಂಗ.

ಮಸೂದೆ ಇನ್ನೂ ಮಂಡನೆಯಾಗಿರಲಿಲ್ಲ. ಒಂದು ಇಟ್ಟಿಗೆ ಕದಲಿರಲಿಲ್ಲ. ಆದರೂ ಅಮರಾವತಿಯ ನಿವೇಶನಗಳಿಗೆ ಕೊಳ್ಳುವವರು ಮಾಯವಾದರು. ಅಡ್ವಾನ್ಸ್ ಕೊಟ್ಟವರು ಕರಾರು ಮುರಿದುಕೊಳ್ಳಲು ನೋಡಿದರು. ಸಿಂಗಪುರದ ಸಂಸ್ಥೆಗಳ ಜೊತೆಗಿನ ಒಪ್ಪಂದ ಒಂದು ತಿಂಗಳ ಹಿಂದೆಯೇ ಮುಗಿದಿತ್ತು. ಶಾಸಕರಿಗೆ, ಅಧಿಕಾರಿಗಳಿಗೆ ಕಟ್ಟುತ್ತಿದ್ದ ಗೋಪುರಗಳು ಬಣ್ಣ ಕಾಣದೆ ನಿಂತವು. ಸಚಿವಾಲಯ ಮತ್ತು ಹೈಕೋರ್ಟಿಗೆ ತೆಗೆದ ಅಡಿಪಾಯಗಳಲ್ಲಿ ಮಳೆನೀರು ತುಂಬಿ ಕೆರೆಯಾಯಿತು. ರಸ್ತೆಬದಿಯಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. ‘ಹ್ಯಾಪಿ ನೆಸ್ಟ್’ ಆ ವರ್ಷಗಳಲ್ಲಿ ಮೇಲೇಳಲೇ ಇಲ್ಲ.

ಬೆಲೆ ಬಿದ್ದಿತು ಎನ್ನುವುದೂ ಪೂರ್ತಿ ಸರಿಯಲ್ಲ. ಭೂಮಿಯ ಪೇಟೆ ಷೇರುಪೇಟೆಯಂತೆ ನಿಮಿಷಕ್ಕೊಂದು ದರ ತೋರಿಸುವುದಿಲ್ಲ. ಹೇಳುವ ದರ ಹಾಗೇ ಇರುತ್ತದೆ, ವ್ಯವಹಾರ ನಿಲ್ಲುತ್ತದೆ. ನಿಜವಾದ ದರ ಹೊರಬರುವುದು ಮಗಳ ಮದುವೆಗೋ ಆಸ್ಪತ್ರೆಯ ಬಿಲ್ಲಿಗೋ ಯಾರಾದರೂ ಮಾರಲೇಬೇಕಾದಾಗ. ಕಾಯುವ ತಾಕತ್ತಿದ್ದವರಿಗೆ ಅಮರಾವತಿಯ ಕುಸಿತ ಕಾಗದದ ಮೇಲಿನ ನಷ್ಟ. ಇಲ್ಲದವರಿಗೆ ಕೈಬಿಟ್ಟುಹೋದ ಆಸ್ತಿ.

ರೈತರು ಬೀದಿಗಿಳಿದರು. ಮುಂದಾಳುಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 2021ರ ನವೆಂಬರ್‌ನಲ್ಲಿ ಹೈಕೋರ್ಟ್ ಇರುವ ಅಮರಾವತಿಯಿಂದ ತಿರುಪತಿಗೆ ನಡೆದು ಹೊರಟರು. ಆ ಪಾದಯಾತ್ರೆಗೆ ‘ನ್ಯಾಯಸ್ಥಾನದಿಂದ ದೇವಸ್ಥಾನಕ್ಕೆ’ ಎಂಬ ಹೆಸರು. ಧರಣಿ ಕೊನೆಯಾದದ್ದು ನಾಲ್ಕೂವರೆ ವರ್ಷದ ಬಳಿಕ, ಸರ್ಕಾರ ಬದಲಾದಾಗ.

2024ರ ಜೂನ್ 4ರಂದು ಮತ ಎಣಿಕೆ. ನಾಯ್ಡು ಮೈತ್ರಿಕೂಟಕ್ಕೆ 175ರಲ್ಲಿ 164 ಸ್ಥಾನ. ಪ್ರಮಾಣವಚನಕ್ಕೂ ಮೊದಲೇ ಜೆಸಿಬಿಗಳು ಅಮರಾವತಿಯ ಮುಳ್ಳುಕಂಟಿ ಕಡಿಯತೊಡಗಿದವು. ದಲ್ಲಾಳಿಗಳ ಫೋನು ಮತ್ತೆ ಹೊಡೆದುಕೊಂಡಿತು. ಮಣ್ಣು ಅದೇ, ನಕ್ಷೆ ಅದೇ, ದರ ಮಾತ್ರ ಬೇರೆ.

ಸ್ವಂತ ಕಾಲಿದ್ದ ಊರುಗಳು

ಇದೇ ಹಗ್ಗಜಗ್ಗಾಟದಲ್ಲಿ ವಿಶಾಖಪಟ್ಟಣಕ್ಕೆ ಏನಾಯಿತು? ಆಡಳಿತ ರಾಜಧಾನಿ ಎಂಬ ಮಾತು ಕೇಳಿದ್ದೇ ಭೀಮಿಲಿ, ಭೋಗಾಪುರಂ ಕಡೆಯ ಲೇಔಟುಗಳು ಚುರುಕಾದವು. 2024ರಲ್ಲಿ ಆ ಮಾತು ಬಿದ್ದುಹೋಯಿತು. ಆದರೆ ಅಮರಾವತಿಗೆ ಬಂದ ಗತಿ ವಿಶಾಖಪಟ್ಟಣಕ್ಕೆ ಬರಲಿಲ್ಲ. ಬಂದರು, ನೌಕಾನೆಲೆ, ಉಕ್ಕಿನ ಕಾರ್ಖಾನೆ ಅಲ್ಲಿ ಮೊದಲೇ ಇದ್ದವು. 2025ರ ಅಕ್ಟೋಬರ್‌ನಲ್ಲಿ ಗೂಗಲ್ 1,500 ಕೋಟಿ ಡಾಲರ್ ಹೂಡಿಕೆಯ ಡೇಟಾ ಕೇಂದ್ರವನ್ನು ಘೋಷಿಸಿದ್ದೂ ಅಲ್ಲಿಗೇ.

ಕರ್ನೂಲಿಗೆ ಈ ಆಟ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅದೇ ರಾಜಧಾನಿ. ಕಚೇರಿಗಳು ಗುಡಾರಗಳಲ್ಲಿ ನಡೆದವು. ಮೂರೇ ವರ್ಷಕ್ಕೆ, 1956ರ ನವೆಂಬರ್ 1ಕ್ಕೆ, ರಾಜಧಾನಿ ಹೈದರಾಬಾದಿಗೆ ಹೋಯಿತು. 2020ರಲ್ಲಿ ಮತ್ತೆ ಆಸೆ ಚಿಗುರಿತು, ಮತ್ತೆ ಬಾಡಿತು.

ಹೈದರಾಬಾದಿನ ಕಥೆಯೇ ದೊಡ್ಡ ಪಾಠ. 2009ರ ಡಿಸೆಂಬರ್ 9ರ ರಾತ್ರಿ ತೆಲಂಗಾಣ ರಚನೆಯ ಪ್ರಕ್ರಿಯೆ ಶುರುವಾಗುತ್ತದೆ ಎಂದು ಕೇಂದ್ರ ಗೃಹ ಸಚಿವ ಪಿ. ಚಿದಂಬರಂ ಹೇಳಿದರು, ಎರಡೇ ವಾರದಲ್ಲಿ ಮಾತು ಮೆತ್ತಗಾಯಿತು. ಅಲ್ಲಿಂದ ನಾಲ್ಕೂವರೆ ವರ್ಷ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಬೆಂಗಳೂರು ಓಡುತ್ತಿದ್ದಾಗ ಹೈದರಾಬಾದಿನ ಮನೆ ಮಾರಾಟ ತೆವಳಿತು. ರಾಜ್ಯ ಒಡೆದರೆ ಆಂಧ್ರದ ಬಂಡವಾಳ ಗಂಟುಮೂಟೆ ಕಟ್ಟುತ್ತದೆ, ಫ್ಲಾಟುಗಳು ಖಾಲಿ ಬೀಳುತ್ತವೆ ಎಂದು ಹೆದರಿಸಿದವರೇ ಹೆಚ್ಚು.

ರಾಜ್ಯ ಒಡೆಯಿತು, ಆದರೆ ಆದದ್ದು ತಿರುಗಾಮುರುಗಾ. ಗೊಂದಲ ಮುಗಿದಿತ್ತು, ಐಟಿ ಕಂಪನಿಗಳು ಇದ್ದಲ್ಲೇ ಇದ್ದವು. 2023ರ ಆಗಸ್ಟ್‌ನಲ್ಲಿ ಕೋಕಾಪೇಟೆಯ ಸರ್ಕಾರಿ ಹರಾಜಿನಲ್ಲಿ ಒಂದು ಎಕರೆ 100.75 ಕೋಟಿ ರೂಪಾಯಿಗೆ ಹೋಯಿತು. ತೆಲಂಗಾಣದ ಒಂದು ಎಕರೆ ಮಾರಿದರೆ ಆಂಧ್ರದಲ್ಲಿ ಹತ್ತಾರು ಎಕರೆ ಬರುತ್ತದೆ ಎಂದು ಚಂದ್ರಶೇಖರ ರಾವ್ ಸಭೆಗಳಲ್ಲಿ ಹೆಮ್ಮೆ ಪಟ್ಟರು. ಭೂಮಿಯ ಬೆಲೆ ಸರ್ಕಾರದ ಅಂಕಪಟ್ಟಿಯಾಗಿತ್ತು.

ಅದೇ ನಗರದಲ್ಲಿ 2024ರಲ್ಲಿ ಹೊಸ ಸರ್ಕಾರ ‘ಹೈಡ್ರಾ’ ಎಂಬ ಸಂಸ್ಥೆ ಕಟ್ಟಿ ಕೆರೆ ಒತ್ತುವರಿ ಕೆಡವತೊಡಗಿತು. ಕೆರೆಗಳ ಕೆಲಸ ಆಗಬೇಕಾದದ್ದೇ. ಆದರೆ ಪರವಾನಗಿ ನೋಡಿ ಮನೆ ಕೊಂಡವರೂ ಇದ್ದ ಕಡೆಗಳಲ್ಲಿ ಬುಲ್ಡೋಜರ್ ನಿಂತಾಗ, ಕೆರೆನೋಟದ ಫ್ಲಾಟಿಗೆ ಹೆಚ್ಚು ಕೊಡುತ್ತಿದ್ದ ಗಿರಾಕಿ ಈಗ ಕೆರೆ ಎಷ್ಟು ದೂರ ಎಂದು ಕೇಳತೊಡಗಿದ.

ಮೂರೂ ಊರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಪೇಟೆ ಕೆಟ್ಟ ನಿರ್ಧಾರವನ್ನು ಅರಗಿಸಿಕೊಳ್ಳುತ್ತದೆ. ಮುಂದಿನ ಚುನಾವಣೆಯಲ್ಲಿ ಅಳಿಸಿಹೋಗಬಹುದಾದ ನಿರ್ಧಾರವನ್ನು ಅರಗಿಸಿಕೊಳ್ಳಲು ಅದಕ್ಕೆ ಆಗುವುದಿಲ್ಲ.

ಚೌಕಟ್ಟು: ಹೊರನಾಡಿನ ಮೂರು ನಗರ

ಹಾಂಗ್‌ಕಾಂಗ್: 1982ರ ಸೆಪ್ಟೆಂಬರ್‌ನಲ್ಲಿ ಮಾರ್ಗರೆಟ್ ಥ್ಯಾಚರ್ ಬೀಜಿಂಗಿಗೆ ಹೋಗಿ ಬಂದ ಮೇಲೆ ನಗರದ ಭವಿಷ್ಯವೇ ಪ್ರಶ್ನೆಯಾಯಿತು. ಆಸ್ತಿ ಪೇಟೆ ನೆಲಕಚ್ಚಿತು. 1984ರ ಡಿಸೆಂಬರ್‌ನಲ್ಲಿ ಚೀನಾ–ಬ್ರಿಟನ್ ಜಂಟಿ ಘೋಷಣೆಗೆ ಸಹಿ ಬಿದ್ದ ಮೇಲೆ ಚೇತರಿಕೆ ಗಟ್ಟಿಯಾಯಿತು.

ಬರ್ಲಿನ್: 1991ರ ಜೂನ್ 20ರಂದು 338–320 ಮತಗಳಿಂದ ಜರ್ಮನಿಯ ಸಂಸತ್ತು ಬಾನ್ ಬಿಟ್ಟು ಬರ್ಲಿನ್‌ಗೆ ಹೋಗಲು ನಿರ್ಧರಿಸಿತು. ಬೆಲೆ ಗಗನಕ್ಕೇರುತ್ತದೆ ಎಂದು ಮಿತಿಮೀರಿ ಕಟ್ಟಿದರು. 1990ರ ದಶಕದ ನಡುವಿನಿಂದ ವರ್ಷಗಟ್ಟಲೆ ದರ ಮಂಕಾಗಿಯೇ ಉಳಿಯಿತು.

ಲಂಡನ್: ಬ್ರೆಕ್ಸಿಟ್ ಆದರೆ ಎರಡು ವರ್ಷದಲ್ಲಿ ಮನೆಗಳ ಬೆಲೆ, ಆಗದಿದ್ದರೆ ಇರುವುದಕ್ಕಿಂತ ಶೇ 10ರಿಂದ 18ರಷ್ಟು ಕಡಿಮೆ ಎಂದು ಬ್ರಿಟನ್ ಹಣಕಾಸು ಇಲಾಖೆ 2016ರ ಮೇ ತಿಂಗಳಲ್ಲಿ ಎಚ್ಚರಿಸಿತ್ತು. ಜುಲೈನಲ್ಲಿ ದೊಡ್ಡ ಆಸ್ತಿ ನಿಧಿಗಳು ಹಣ ವಾಪಸು ಕೊಡುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದವು. ಹೇಳಿದಂಥ ಕುಸಿತ ದೇಶದಲ್ಲಿ ಆಗಲಿಲ್ಲ. ಲಂಡನ್ ಮಾತ್ರ ಕೆಲವು ವರ್ಷ ಸೊರಗಿತು.

ನಮ್ಮ ಅಂಗಳದಲ್ಲಿ

ಅಮರಾವತಿಯಷ್ಟು ನಾಟಕೀಯವಲ್ಲದಿದ್ದರೂ ಕರ್ನಾಟಕದಲ್ಲೂ ಇದೇ ಪಾಠ ಬೇರೆ ಬೇರೆ ವೇಷದಲ್ಲಿ ನಡೆಯುತ್ತಲೇ ಇದೆ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಹುಟ್ಟಿತು. ಹಳ್ಳಿಗಳ ಜಮೀನು ರಾತ್ರೋರಾತ್ರಿ ನಗರದ ಸೈಟಾಯಿತು. ದರ ಅಂದೇ ಬಂತು, ನೀರು ಬರಲಿಲ್ಲ. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್ 16ರಂದು. ನಡುವಿನ ಹದಿನೇಳು ವರ್ಷ ಕಾವೇರಿಯ ಬೆಲೆ ಕೊಟ್ಟು ಟ್ಯಾಂಕರ್ ನೀರು ಕುಡಿದವರು ಮನೆ ಕೊಂಡವರೇ.

ಅಧಿಸೂಚನೆ ಬೆಲೆ ಏರಿಸುವುದಷ್ಟೇ ಅಲ್ಲ, ಹೆಪ್ಪುಗಟ್ಟಿಸಲೂ ಬಲ್ಲದು. ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆಗೆ 2005–07ರಲ್ಲೇ ಅಧಿಸೂಚನೆ ಬಿದ್ದಿತು. ರಸ್ತೆ ಬರುತ್ತದೆಂದು ಅಕ್ಕಪಕ್ಕದ ಜಮೀನು ಹೊನ್ನಾಯಿತು. ರಸ್ತೆಗೆಂದೇ ಗುರುತಿಸಿದ ಜಮೀನಿನವರು ಮಾರಲಾಗದೆ, ಕಟ್ಟಲಾಗದೆ, ಪರಿಹಾರವೂ ಕೈಸೇರದೆ ಒಂದು ತಲೆಮಾರು ಕಳೆದರು. ಬೇಲಿಯ ಈಚೆ ಆಚೆ, ಒಂದೇ ಊರಿನಲ್ಲಿ ಎರಡು ಹಣೆಬರಹ.

ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಬಂತು, ದ್ರಾಕ್ಷಿತೋಟಗಳ ಪಕ್ಕ ವಿಲ್ಲಾಗಳು ಎದ್ದವು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ವೈಮಾಂತರಿಕ್ಷ ಪಾರ್ಕಿಗೆ ಕೇಳಿದಾಗ ರೈತರು ಮೂರು ವರ್ಷ ಮಿಕ್ಕಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಒಪ್ಪಿ ಕೊಡುವವರಿಗೆ ಹೆಚ್ಚಿನ ದರ ಎಂದಿತು. ಕೊಡದಿರುವ ಹಕ್ಕು ಸಿಕ್ಕ ಮೇಲೆಯೇ ರೈತನಿಗೆ ದರ ಕೇಳುವ ಬಾಯಿ ಬಂದದ್ದು.

ರಾಮನಗರದಲ್ಲಿ ಮಣ್ಣನ್ನೂ ಮುಟ್ಟಬೇಕಾಗಲಿಲ್ಲ, ಫಲಕ ಬದಲಿಸುವ ಮಾತೇ ಸಾಕಾಯಿತು. 2025ರ ಮೇ 22ರಂದು ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂಬ ಹೆಸರಿಗೆ ಒಪ್ಪಿತು. ಹೆಸರಿನಿಂದ ಹೂಡಿಕೆ ಬರುತ್ತದೆ, ಜಮೀನಿಗೆ ಬೆಲೆ ಬರುತ್ತದೆ ಎಂಬುದು ಡಿ.ಕೆ. ಶಿವಕುಮಾರ್ ಅವರ ವಾದ. 2007ರಲ್ಲಿ ಆ ಜಿಲ್ಲೆಯನ್ನು ರಚಿಸಿದ್ದ ಎಚ್.ಡಿ. ಕುಮಾರಸ್ವಾಮಿ, ಮತ್ತೆ ಅಧಿಕಾರಕ್ಕೆ ಬಂದರೆ ಹಳೆಯ ಹೆಸರೇ ತರುತ್ತೇವೆ ಎಂದರು. ಬಿಡದಿ, ಕನಕಪುರದ ಕಡೆ ಸೈಟು ನೋಡುವವರು ಈ ಎರಡನೇ ಹೇಳಿಕೆಯನ್ನೂ ಬ್ರೋಷರ್ ಜೊತೆಗೇ ಓದಿಕೊಳ್ಳುವುದು ಒಳ್ಳೆಯದು.

ಚೌಕಟ್ಟು: ಘೋಷಣೆ ಕೇಳಿ ಓಡುವ ಮುನ್ನ

• ಭಾಷಣವೋ, ಸಂಪುಟದ ತೀರ್ಮಾನವೋ, ಅಂತಿಮ ಅಧಿಸೂಚನೆಯೋ? ಮೂರಕ್ಕೂ ಒಂದೇ ಬೆಲೆ ಕೊಡಬೇಡಿ.
• ಬಜೆಟ್‌ನಲ್ಲಿ ಹಣ ಇಟ್ಟಿದ್ದಾರೆಯೇ? ಟೆಂಡರ್ ಆಗಿದೆಯೇ?
• ಯೋಜನೆಯನ್ನು ವಿರೋಧ ಪಕ್ಷವೂ ಒಪ್ಪಿದೆಯೇ?
• ಆ ಯೋಜನೆ ಬಾರದಿದ್ದರೂ ಊರಿಗೆ ಕೆಲಸ, ನೀರು, ಬಸ್ಸು ಇವೆಯೇ?
• ನಿಮ್ಮ ಸರ್ವೆ ನಂಬರ್ ಯೋಜನೆಯ ಪಕ್ಕದಲ್ಲಿದೆಯೋ, ಒಳಗೇ ಇದೆಯೋ?
• ಹತ್ತು ವರ್ಷ ಮಾರದೆ ಇರಬಲ್ಲಿರಾ?

ಲಾಭ ಯಾರದು?

ನಿರ್ಧಾರ ಹೊರಬೀಳುವ ಮೊದಲೇ ತಿಳಿದವರು ಕೊಂಡರು ಎಂಬ ಆರೋಪ ಅಮರಾವತಿಯ ಬೆನ್ನು ಬಿಡಲಿಲ್ಲ. ಜಗನ್ ಸರ್ಕಾರ ಅದನ್ನು ‘ಇನ್‌ಸೈಡರ್ ಟ್ರೇಡಿಂಗ್’ ಎಂದು ಕರೆದು ಮೊಕದ್ದಮೆ ಹೂಡಿತು. ಷೇರುಪೇಟೆಯ ಆ ಅಪರಾಧವನ್ನು ಖಾಸಗಿ ಜಮೀನು ಖರೀದಿಗೆ ಅನ್ವಯಿಸಲಾಗದು ಎಂದು 2021ರ ಜನವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಸರ್ಕಾರದ ಮೇಲ್ಮನವಿ ತಳ್ಳಿಹಾಕಿತು. ಅಂದರೆ ಕಂಪನಿಯ ಒಳಸುದ್ದಿ ತಿಳಿದು ಹತ್ತು ಷೇರು ಕೊಂಡರೆ ತಪ್ಪು. ರಾಜಧಾನಿಯ ಸುದ್ದಿ ಮೊದಲೇ ತಿಳಿದು ಹತ್ತು ಎಕರೆ ಕೊಂಡರೆ ಆ ತಪ್ಪಿಗೆ ಕಾನೂನಿನಲ್ಲಿ ಹೆಸರಿಲ್ಲ.

ಇನ್ನೊಂದು ತುದಿಯಲ್ಲಿ ಜಮೀನೇ ಇಲ್ಲದವರು. ಕೂಲಿಗೆ ಹೋಗುತ್ತಿದ್ದ ಹೊಲ ಹೋಯಿತು. ಬದಲಿಗೆ ಕುಟುಂಬಕ್ಕೆ ಆರಂಭದಲ್ಲಿ ಸಿಕ್ಕಿದ್ದು ತಿಂಗಳಿಗೆ 2,500 ರೂಪಾಯಿ. ಸೈಟಿನ ದರ ಏರಿದರೂ ಇಳಿದರೂ ಅವರ ಪಾಲಿಗೆ ಅದು ಬಾಡಿಗೆಯ ರೂಪದಲ್ಲೇ ಬರುವಂಥದ್ದು.

ಜರ್ಮನಿ ಇಲ್ಲೊಂದು ಬೇರೆ ದಾರಿ ತೋರಿತ್ತು. ರಾಜಧಾನಿ ಕಳೆದುಕೊಂಡ ಬಾನ್ ನಗರಕ್ಕಾಗಿ 1994ರಲ್ಲಿ ಕಾನೂನನ್ನೇ ಮಾಡಿತು. ಕೆಲವು ಸಚಿವಾಲಯಗಳು ಅಲ್ಲೇ ಉಳಿದವು, ಸುಮಾರು 140 ಕೋಟಿ ಯೂರೋಗೆ ಸಮನಾದ ಪರಿಹಾರ ಸಿಕ್ಕಿತು, ವಿಶ್ವಸಂಸ್ಥೆಯ ಕಚೇರಿಗಳು ಬಂದವು. ರಾಜಕೀಯ ನಿರ್ಧಾರದಿಂದ ಸೋಲುವ ಊರು ಇದೆ ಎಂದು ಮೊದಲೇ ಒಪ್ಪಿಕೊಂಡು ಅದರ ಲೆಕ್ಕ ಬರೆದಿಟ್ಟ ಅಪರೂಪದ ನಿದರ್ಶನ ಅದು. ಬಾನ್ ಪಾಳು ಬೀಳಲಿಲ್ಲ.

ನಮ್ಮಲ್ಲಿ ಆ ಲೆಕ್ಕ ಬರೆಯುವವರಿಲ್ಲ. ಅಮರಾವತಿಗೆ ಈಗ ಹಣವಿದೆ: ವಿಶ್ವಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2024ರ ಡಿಸೆಂಬರ್‌ನಲ್ಲಿ ತಲಾ ಸುಮಾರು 80 ಕೋಟಿ ಡಾಲರ್ ಮಂಜೂರು ಮಾಡಿದವು. ಕ್ರೇನುಗಳು ಮರಳಿವೆ, ಇನ್ನೂ ಸಾವಿರಾರು ಎಕರೆ ಕೂಡಿಸುವ ಎರಡನೇ ಸುತ್ತಿಗೂ ಸರ್ಕಾರ ಕೈಹಾಕಿದೆ. ಆದರೆ ಮೊದಲ ಸುತ್ತಿನಲ್ಲಿ ಮುಖ್ಯಮಂತ್ರಿಯ ಮಾತನ್ನೇ ಪತ್ರವೆಂದು ನಂಬಿ ಹೊಲ ಬಿಟ್ಟ ರೈತರು, ಅಮರಾವತಿಯೇ ರಾಜಧಾನಿ ಎಂದು ಸಂಸತ್ತಿನ ಕಾನೂನಿನಲ್ಲೇ ಬರೆಯಿರಿ ಎಂದು ಪಟ್ಟು ಹಿಡಿದರು. ದಲ್ಲಾಳಿಗಿಂತ, ಪರಿಣತರಿಗಿಂತ ಚೆನ್ನಾಗಿ ಈ ಪೇಟೆ ಅರಿತವರು ಅವರು. ಬ್ರೋಷರ್‌ ಹಿಡಿದು ಬರುವವರಿಗೆ ಸೈಟು ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ: ಈ ಸರ್ಕಾರ ಹೋದ ಮೇಲೂ ಇದು ಉಳಿಯುತ್ತದೆ ಎಂದು ಯಾವ ಕಾನೂನಿನಲ್ಲಿ ಬರೆದಿದೆ, ತೋರಿಸಿ.